ಹಲಾಲ್ ಬಜೆಟ್ ಎಂದವರು ಮದ್ಯದ ಲೆಕ್ಕವನ್ನೂ ಹೇಳಲಿ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟನ್ನು ಮಂಡಿಸಿದರು. ಅದರ ಗಾತ್ರ 4,09,549 ಕೋಟಿ ರೂಪಾಯಿ. ಅಷ್ಟು ದೊಡ್ಡ ಲೆಕ್ಕಪತ್ರದಲ್ಲಿ ವಿರೋಧ ಪಕ್ಷದ ಕಣ್ಣಿಗೆ ಬಿದ್ದುದು ಕೆಲವೇ ಸಾಲುಗಳು. ಅಲ್ಪಸಂಖ್ಯಾತರ ಕಾಲೊನಿಗಳ ಅಭಿವೃದ್ಧಿಗೆ 1,000 ಕೋಟಿ, ವಕ್ಫ್ ಆಸ್ತಿ ಮತ್ತು ಖಬರಸ್ಥಾನಗಳ ಸಂರಕ್ಷಣೆಗೆ 150 ಕೋಟಿ, ಇಮಾಮರ ಗೌರವಧನ ತಿಂಗಳಿಗೆ 6,000 ರೂಪಾಯಿ, ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇ. 4 ಮೀಸಲಾತಿ. ಇಮಾಮರ ಸಾಲಿನಲ್ಲಿಯೇ ಜೈನ ಅರ್ಚಕರೂ ಸಿಖ್ಖರ ಗ್ರಂಥಿಗಳೂ ಇದ್ದರೆಂಬುದನ್ನು ಓದುವ ವ್ಯವಧಾನ ಯಾರಿಗೂ ಇರಲಿಲ್ಲ. ಸಂಜೆಯಾಗುವುದರೊಳಗೆ ಈ ಬಜೆಟಿಗೆ 'ಹಲಾಲ್ ಬಜೆಟ್' ಎಂಬ ನಾಮಕರಣವಾಗಿತ್ತು.

ನಮಗೆ ಈ ಹೆಸರಿನಿಂದ ಕೋಪ ಬರಲಿಲ್ಲ. ಹಲಾಲ್ ಎಂಬುದು ಬೈಗುಳವಲ್ಲ. ನ್ಯಾಯವಾದ ದಾರಿಯಲ್ಲಿ ಬಂದು ನ್ಯಾಯವಾದ ದಾರಿಯಲ್ಲಿ ವ್ಯಯವಾಗುವ ಸಂಪತ್ತಿಗೆ ಆ ಹೆಸರಿದೆಯೆಂದು ಮದ್ರಸದ ಮೊದಲ ತರಗತಿಯ ಮಗುವಿಗೂ ಗೊತ್ತು. ವಿಚಾರಣೆಯ ದಿನ ಪ್ರತಿಯೊಬ್ಬನಲ್ಲೂ ಅವನ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳನ್ನು ಕೇಳಲಾಗುವುದೆಂದು ಪ್ರವಾದಿ(ಸ) ಕಲಿಸಿದ್ದಾರೆ. ಎಲ್ಲಿಂದ ಗಳಿಸಿದೆ ಎಂಬುದು ಒಂದು, ಎಲ್ಲಿ ವ್ಯಯಿಸಿದೆ ಎಂಬುದು ಇನ್ನೊಂದು. ಬಜೆಟ್ ಎಂಬುದು ಇದೇ ಎರಡು ಪ್ರಶ್ನೆಗಳಿಗೆ ಸರಕಾರವು ಪ್ರತಿ ವರ್ಷ ಜನರಿಗೆ ಕೊಡುವ ಲಿಖಿತ ಉತ್ತರವಲ್ಲದೆ ಮತ್ತೇನು? ಹಾಗಿರುವಾಗ, ಒಂದು ಬಜೆಟನ್ನು ಹಲಾಲ್ ಎಂದು ಕರೆಯುವವರು ಮೊದಲ ಪ್ರಶ್ನೆಯನ್ನು ಬಿಟ್ಟುದೇಕೆ?

ಆ ಪ್ರಶ್ನೆಗೆ ಉತ್ತರ ಬಜೆಟಿನ ಪುಟಗಳಲ್ಲೇ ಇತ್ತು. 2025-26ರಲ್ಲಿ ರಾಜ್ಯದ ಸ್ವಂತ ತೆರಿಗೆ ಆದಾಯವು 2,08,100 ಕೋಟಿ ರೂಪಾಯಿಯಾಗಬಹುದೆಂದು ಅಂದಾಜಿಸಲಾಗಿತ್ತು. ಅದರಲ್ಲಿ ಅಬಕಾರಿ ಇಲಾಖೆಗೆ ನಿಗದಿಪಡಿಸಿದ ಗುರಿ 40,000 ಕೋಟಿ. ಅಂದರೆ ರಾಜ್ಯವು ತಾನೇ ಸಂಗ್ರಹಿಸುವ ತೆರಿಗೆಯ ಪ್ರತಿ ಐದು ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ರೂಪಾಯಿ ಮದ್ಯದ್ದು. ಇಡೀ ಬಜೆಟಿನ ಗಾತ್ರಕ್ಕೆ ಹೋಲಿಸಿದರೂ ಹತ್ತನೇ ಒಂದು ಭಾಗಕ್ಕೆ ಅದು ಸಮೀಪ. ಅಲ್ಪಸಂಖ್ಯಾತರ ಕಲ್ಯಾಣಕ್ಕೆ ಮೀಸಲಾದುದು ನೂರರಲ್ಲಿ ಸುಮಾರು ಒಂದು ಪಾಲು. ನೂರರಲ್ಲಿ ಒಂದು ಪಾಲನ್ನು ನೋಡಿ 'ಹಲಾಲ್' ಎಂದವರಿಗೆ ನೂರರಲ್ಲಿ ಹತ್ತು ಪಾಲಿನ ಹೆಂಡ ಕಾಣಿಸಲಿಲ್ಲ! ಕಾಣಿಸದಿದ್ದುದಕ್ಕೆ ಕಾರಣ ಸ್ಪಷ್ಟ. ಅವರು ಅಧಿಕಾರದಲ್ಲಿದ್ದಾಗಲೂ ಬೊಕ್ಕಸದ ಬಾಯಿಗೆ ಇದೇ ಕೊಳವೆಯನ್ನು ಜೋಡಿಸಲಾಗಿತ್ತು.

ಅದೇ ಅಧಿವೇಶನದಲ್ಲಿ, ಮಾರ್ಚ್ 19ರಂದು, ವಿಧಾನಸಭೆಯಲ್ಲಿ ಒಂದು ಪ್ರಹಸನವೂ ನಡೆಯಿತು. ತುರುವೇಕೆರೆಯ ಜೆಡಿಎಸ್ ಶಾಸಕ ಎಂ.ಟಿ. ಕೃಷ್ಣಪ್ಪನವರು, ಮಹಿಳೆಯರಿಗೆ 2,000 ರೂಪಾಯಿ ಕೊಡುತ್ತೀರಿ, ಬಸ್ಸು, ವಿದ್ಯುತ್ತು ಉಚಿತವಾಗಿ ಕೊಡುತ್ತೀರಿ, ಅದೆಲ್ಲ ಕುಡಿಯುವವರ ಹಣವೇ ತಾನೇ, ಹಾಗಾದರೆ ಅವರಿಗೂ ವಾರಕ್ಕೆ ಎರಡು ಬಾಟಲಿ ಉಚಿತವಾಗಿ ಕೊಡಿ ಎಂದು ಸಲಹೆಯಿತ್ತರು. ನೀವೇ ಚುನಾವಣೆ ಗೆದ್ದು ಸರಕಾರ ಮಾಡಿ ಕೊಡಿ ಎಂದು ಸಚಿವ ಕೆ.ಜೆ. ಜಾರ್ಜ್ ಉತ್ತರಿಸಿದರು. ಆ ಸಲಹೆಯನ್ನು ನಾವು ಖಂಡಿಸುತ್ತೇವೆ. ಆದರೆ ಅದರೊಳಗೆ ಅಡಗಿದ್ದ ಲೆಕ್ಕಾಚಾರವನ್ನು ಅಲ್ಲಗಳೆಯುವ ಧೈರ್ಯ ನಮಗಿಲ್ಲ. ಅದೇ ಚರ್ಚೆಯಲ್ಲಿ ಆಳಂದದ ಕಾಂಗ್ರೆಸ್ ಶಾಸಕ ಬಿ.ಆರ್. ಪಾಟೀಲರು ತಮ್ಮದೇ ಸರಕಾರದ ಮುಂದೆ ನಿಂತು, ಈ ಆದಾಯ ಬಡವರ ರಕ್ತ, ಇದರಿಂದ ರಾಷ್ಟ್ರ ನಿರ್ಮಾಣವಾಗದು ಎಂಬರ್ಥದ ಮಾತನ್ನಾಡಿದರು. ಉಚಿತ ಬಾಟಲಿಯ ಮಾತು ನಾಡಿನಾದ್ಯಂತ ಸುದ್ದಿಯಾಯಿತು. ಪಾಟೀಲರ ಮಾತು ಕಡತದೊಳಗೆ ಮಲಗಿತು.

ಬೆಂಗಳೂರಿನ ಈ ಅಂಕಿ ಅಂಶಗಳಿಗೆ ಮುಖ ಕಾಣಬೇಕಾದರೆ ನಮ್ಮ ಗಂಗಾವತಿ ತಾಲೂಕಿನ ಮರಳಿಗೆ ಬರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಕಣಜವೆನಿಸಿಕೊಂಡ ಸೀಮೆ ಇದು. ನಾಟಿಯ ದಿನಗಳಲ್ಲಿ ಬೆಳಗಿನ ಜಾವಕ್ಕೆ ಟಂಟಂ ಗಾಡಿಗಳಲ್ಲಿ ಮಹಿಳೆಯರು ಗುಂಪು ಗುಂಪಾಗಿ ಗದ್ದೆಗೆ ಹೋಗುತ್ತಾರೆ. ದಿನವಿಡೀ ಕೆಸರಿನಲ್ಲಿ ಬಾಗಿ ನಿಂತು ಸಸಿ ಹಚ್ಚುತ್ತಾರೆ. ಅಂಥ ಒಬ್ಬ ಹಿರಿಯ ತಾಯಿಯೊಡನೆ ನಾವು ಮಾತನಾಡಿದೆವು. 'ಗೃಹಲಕ್ಷ್ಮಿ ಹಣ ಬರತೈತೇನ್ರಿ ಅವ್ವಾ?' ಎಂದು ಕೇಳಿದೆವು. 'ಬರತೈತ್ರಿ ಸಾಬ್ರ. ಒಮ್ಮೆ ಜಲ್ದಿ, ಒಮ್ಮೆ ತಡ. ಸರ್ಕಾರ ನನ್ನ ಖಾತೆಗೆ ಹಾಕತೈತಿ, ನಮ್ಮ ಯಜಮಾನ್ರು ಸಂಜಿಮುಂದ ಅದನ್ನ ಹೊಳ್ಳಿ ಸರ್ಕಾರಕ್ಕ ಕೊಟ್ಟ ಬರ್ತಾರ' ಎಂದರು. ಅವರು ನಗಲಿಲ್ಲ. ನಮಗೂ ನಗು ಬರಲಿಲ್ಲ. ಅರ್ಥಶಾಸ್ತ್ರದ ಪದವಿಯಿಲ್ಲದ ಆ ತಾಯಿ ರಾಜ್ಯದ ಬಜೆಟನ್ನು ಒಂದೇ ವಾಕ್ಯದಲ್ಲಿ ವಿವರಿಸಿಬಿಟ್ಟಿದ್ದರು.

ಆ ಮಾತನ್ನು ಅಂಕಿಗಳಲ್ಲಿಟ್ಟು ನೋಡಿರಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ವರ್ಷಕ್ಕೆ 24,000 ರೂಪಾಯಿ ಕೊಡುತ್ತದೆ. ಮನೆಯೊಡೆಯ ದಿನಕ್ಕೆ 80 ರೂಪಾಯಿ ಕುಡಿದರೆ ತಿಂಗಳಿಗೆ 2,400, ವರ್ಷಕ್ಕೆ 28,800 ರೂಪಾಯಿ ಹೋಗುತ್ತದೆ. ಆ ಹಣದ ದೊಡ್ಡ ಪಾಲು ಸುಂಕವಾಗಿ ಬೊಕ್ಕಸಕ್ಕೆ ಮರಳುತ್ತದೆ. ರಾಜ್ಯದ ಮಟ್ಟದಲ್ಲಿಯೂ ಚಿತ್ರ ಬೇರೆಯಲ್ಲ. 2025-26ರಲ್ಲಿ ಗೃಹಲಕ್ಷ್ಮಿಗೆ 28,608 ಕೋಟಿ, ಅಬಕಾರಿಯ ಗುರಿ 40,000 ಕೋಟಿ. ಹೆಂಡತಿಯ ಕೈಗೆ ಕೊಟ್ಟುದಕ್ಕಿಂತ ಹೆಚ್ಚಿನದನ್ನು ಗಂಡಂದಿರ ಕೈಯಿಂದ ಕಿತ್ತುಕೊಳ್ಳುವ ಲೆಕ್ಕವಿದು. ಕುಡಿಯದ ಮನೆಗಳಿಗೆ ಈ ಯೋಜನೆ ನಿಜವಾದ ಆಸರೆ. ಅದರಲ್ಲಿ ಸಂಶಯವಿಲ್ಲ. ಆದರೆ ಯಾವ ಮನೆಗೆ ಆಸರೆ ಎಲ್ಲಕ್ಕಿಂತ ಹೆಚ್ಚು ಬೇಕೋ ಆ ಮನೆಯ ಬಾಗಿಲಲ್ಲೇ ಸರಕಾರವು ವಸೂಲಿಗಾರನನ್ನೂ ಕೂರಿಸಿದೆ. ಗೃಹಲಕ್ಷ್ಮಿಯ ಕಂತು ತಡವಾದುದುಂಟು. ಮದ್ಯದಂಗಡಿಯ ಬಾಗಿಲು ಒಂದು ದಿನವಾದರೂ ತಡವಾಗಿ ತೆರೆದುದುಂಟೇ?

ಇಲ್ಲಿ ನಮ್ಮ ನಿಲುವನ್ನು ಸ್ಪಷ್ಟಪಡಿಸಬೇಕಾಗಿದೆ. ನಾವು ಗ್ಯಾರಂಟಿ ಯೋಜನೆಗಳ ವಿರೋಧಿಗಳಲ್ಲ. ಬಡವರಿಗೆ ಕೊಡುವುದನ್ನು 'ಬಿಟ್ಟಿ' ಎಂದು ಹೀಯಾಳಿಸಿ, ಶ್ರೀಮಂತರ ಸಾಲ ಮನ್ನಾವನ್ನು 'ಸುಧಾರಣೆ' ಎಂದು ಹೊಗಳುವವರ ಸಾಲಿನಲ್ಲಿ ನಾವಿಲ್ಲ. ಸಂಪತ್ತು ಶ್ರೀಮಂತರ ನಡುವೆ ಮಾತ್ರ ಸುತ್ತುತ್ತಿರಬಾರದೆಂಬುದು ಪವಿತ್ರ ಕುರ್‌ಆನಿನ ಬೋಧನೆ. ಮರಳಿಯ ಆ ತಾಯಿಯ ಖಾತೆಗೆ ಹಣ ಬರಬೇಕು, ಬರುತ್ತಲೇ ಇರಬೇಕು. ನಮ್ಮ ಆಕ್ಷೇಪವಿರುವುದು ಆ ಹಣ ಅವಳ ಗಂಡನ ಕರುಳಿನಿಂದ ಬರಬಾರದು ಎಂಬುದಕ್ಕೆ.

ಈ ಆಕ್ಷೇಪ ಹೊಸತಲ್ಲ, ಮುಸ್ಲಿಮರದು ಮಾತ್ರವೂ ಅಲ್ಲ. 1937ರಲ್ಲಿ ಪ್ರಾಂತಗಳಲ್ಲಿ ಕಾಂಗ್ರೆಸ್ ಸರಕಾರಗಳು ಬಂದಾಗ ಗಾಂಧೀಜಿಯವರನ್ನು ಕಾಡಿದ್ದು ಇದೇ ಸಂಕಟ. ಮಕ್ಕಳ ಶಾಲೆಗೆ ಹಣ ಬೇಕು, ಹಣ ಬರುವುದು ಹೆಂಡದಿಂದ. ಪಾನನಿಷೇಧ ಮಾಡಿದರೆ ಶಾಲೆ ನಡೆಯದು ಎಂದು ಮಂತ್ರಿಗಳು ಕೈಚೆಲ್ಲಿದರು. ಮಕ್ಕಳ ವಿದ್ಯೆಯನ್ನು ತಂದೆಯ ಕುಡಿತಕ್ಕೆ ಕಟ್ಟಿಹಾಕುವುದನ್ನು ಗಾಂಧೀಜಿ ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನಕ್ಕೂ ನಯೀ ತಾಲೀಮಿಗೂ ಈ ಸಂಕಟವೇ ಒಂದು ಹಿನ್ನೆಲೆ. ಮುಂದೆ ಸಂವಿಧಾನದ 47ನೇ ವಿಧಿಯು ಮಾದಕ ಪಾನೀಯಗಳ ನಿಷೇಧಕ್ಕೆ ಪ್ರಯತ್ನಿಸುವುದು ರಾಜ್ಯದ ಕರ್ತವ್ಯವೆಂದು ಬರೆಯಿತು. ಗಾಂಧೀಜಿಯ ಭಾವಚಿತ್ರದ ಕೆಳಗೆ ಕುಳಿತು ಗಾಂಧೀಜಿ ನಿರಾಕರಿಸಿದ ಹಣವನ್ನು ಎಣಿಸುವ ಪರಂಪರೆ ಎಲ್ಲ ಪಕ್ಷಗಳದೂ ಆಗಿದೆ. ಅಂದು ಹೆಂಡಕ್ಕೆ ಶಾಲೆಯನ್ನು ಕಟ್ಟಿದ್ದರು, ಇಂದು ಗೃಹಲಕ್ಷ್ಮಿಯನ್ನು ಕಟ್ಟಿದ್ದಾರೆ.

ನಮ್ಮ ಇತಿಹಾಸವನ್ನೂ ನಾವು ಮುಚ್ಚಿಡಬಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೊರೆ ಮುಸ್ಲಿಮನಾಗಿದ್ದ, ದರಬಾರಿನ ಭಾಷೆ ಉರ್ದುವಾಗಿತ್ತು. ಆದರೂ ಆ ಸರಕಾರದ ಪ್ರಮುಖ ಆದಾಯಮೂಲಗಳಲ್ಲಿ ಅಬಕಾರಿಯೂ ಒಂದಾಗಿತ್ತು. 'ಅಬಕಾರಿ' ಎಂಬ ಪದವೇ ಫಾರ್ಸಿಯದು. 'ಆಬ್' ಎಂದರೆ ನೀರು. ಪದ ತಿಳಿಯಾಗಿದೆ, ವಸ್ತು ಕೊಳಕು. ಆದುದರಿಂದ ದೊರೆಯ ಹೆಸರು, ಟೋಪಿ, ಧರ್ಮಗಳನ್ನು ನೋಡಿ ಖಜಾನೆಯನ್ನು ಹಲಾಲ್ ಎನ್ನಲಾಗದು. ನಿಜಾಮರಿಗೆ ಅನ್ವಯಿಸದ ರಿಯಾಯಿತಿಯನ್ನು ನಾವು ಸಿದ್ದರಾಮಯ್ಯನವರಿಗೂ ಕೊಡಲಾರೆವು, ಬೊಮ್ಮಾಯಿಯವರಿಗೂ ಕೊಡಲಾರೆವು.

ಮದ್ಯದಿಂದ ಲಾಭವೇ ಇಲ್ಲವೆಂದು ಕುರ್‌ಆನ್ ವಾದಿಸಲಿಲ್ಲ ಎಂಬುದು ಗಮನಾರ್ಹ. ಎರಡನೇ ಅಧ್ಯಾಯದ 219ನೇ ಸೂಕ್ತವು ಮದ್ಯ ಮತ್ತು ಜೂಜಿನಲ್ಲಿ ಜನರಿಗೆ ಕೆಲವು ಪ್ರಯೋಜನಗಳಿವೆಯೆಂದು ಒಪ್ಪಿಕೊಂಡು, ಅವುಗಳ ಕೆಡುಕು ಪ್ರಯೋಜನಕ್ಕಿಂತ ದೊಡ್ಡದೆಂದು ತೀರ್ಪು ಕೊಡುತ್ತದೆ. ಇದು ತಕ್ಕಡಿಯ ಭಾಷೆ, ಆಯವ್ಯಯದ ಭಾಷೆ. ನಮ್ಮ ಹಣಕಾಸು ಇಲಾಖೆಯು ಈ ತಕ್ಕಡಿಯ ಒಂದೇ ತಟ್ಟೆಯನ್ನು ಜನರಿಗೆ ತೋರಿಸುತ್ತಿದೆ. 40,000 ಕೋಟಿ ಎಂದು ಬರೆಯುತ್ತದೆ. ಯಕೃತ್ತು ಕೆಟ್ಟು ಜಿಲ್ಲಾಸ್ಪತ್ರೆಗೆ ಬರುವವನ ಔಷಧದ ವೆಚ್ಚ, ಕುಡಿದ ಚಾಲಕನಿಂದ ಸತ್ತವರ ಲೆಕ್ಕ, ಹೊಡೆತ ತಿಂದ ಹೆಂಡತಿಯ ಪೊಲೀಸ್ ದೂರು, ಕೂಲಿಗೆ ಹೋಗಲಾಗದ ದಿನಗಳು, ಶಾಲೆ ಬಿಟ್ಟ ಮಗು - ಇವು ಯಾವ ಪುಟದಲ್ಲಿವೆ? ಅವು ಆರೋಗ್ಯ, ಗೃಹ, ಕಾರ್ಮಿಕ, ಶಿಕ್ಷಣ ಇಲಾಖೆಗಳ ಕಡತಗಳಲ್ಲಿ ಚದುರಿಹೋಗಿವೆ. ಲಾಭವನ್ನು ಒಂದೆಡೆ ಕೂಡಿಸಿ ನಷ್ಟವನ್ನು ಹತ್ತು ಕಡೆ ಅಡಗಿಸಿದರೆ ಯಾವ ಕೆಟ್ಟ ವ್ಯಾಪಾರವೂ ಒಳ್ಳೆಯದಾಗಿ ಕಾಣುತ್ತದೆ.

ಇನ್ನು 'ಗುರಿ' ಎಂಬ ಪದವನ್ನು ನೋಡಿ. 2023-24ರಲ್ಲಿ ಅಬಕಾರಿ ಗುರಿ 36,000 ಕೋಟಿ. 2024-25ರಲ್ಲಿ 38,525 ಕೋಟಿ. 2025-26ರಲ್ಲಿ 40,000 ಕೋಟಿ. ರೋಗ ಕಡಿಮೆಯಾಗಲಿ ಎಂದು ಗುರಿಯಿಡುವ ಇಲಾಖೆಗಳುಂಟು, ಅಪಘಾತ ಕಡಿಮೆಯಾಗಲಿ ಎಂದು ಗುರಿಯಿಡುವ ಇಲಾಖೆಗಳುಂಟು. ಕೆಡುಕೊಂದು ವರ್ಷದಿಂದ ವರ್ಷಕ್ಕೆ ಹೆಚ್ಚು ಫಸಲು ಕೊಡಲಿ ಎಂದು ಗುರಿಯಿಡುವ ಇಲಾಖೆ ಇದೊಂದೇ. ಗುರಿ ತಲಪದಿದ್ದರೆ ಅಧಿಕಾರಿ ಉತ್ತರ ಹೇಳಬೇಕು. ಅಂಥ ಅಧಿಕಾರಿಯು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಚಹಾದಂಗಡಿಯಲ್ಲಿ ಪರವಾನಗಿಯಿಲ್ಲದೆ ಮಾರಾಟವಾಗುವ ಪಾಕೀಟುಗಳನ್ನು ಹಿಡಿಯಲು ಮನಸ್ಸು ಮಾಡುವನೇ? ಅದೂ ಅವನ ಗುರಿಯನ್ನೇ ತುಂಬುವ ಸರಕಲ್ಲವೇ? 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರಿ ಸ್ವತಃ ಸರಕಾರದ ಪಾನೀಯ ನಿಗಮ. ಚಿಲ್ಲರೆ ಮಾರಾಟಕ್ಕೆ ಎಂಎಸ್‌ಐಎಲ್ ಮಳಿಗೆಗಳಿವೆ. ಮದ್ಯದ ವಿಷಯದಲ್ಲಿ ಪ್ರವಾದಿ(ಸ) ಶಪಿಸಿದ್ದು ಕುಡಿಯುವವನನ್ನು ಮಾತ್ರವಲ್ಲ. ಹಿಂಡುವವನು, ಹೊರುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು ಎಂದು ಹತ್ತು ಮಂದಿಯ ಪಟ್ಟಿಯೇ ಹದೀಸಿನಲ್ಲಿದೆ. ಆ ಪಟ್ಟಿಯಲ್ಲಿ ನಮ್ಮ ರಾಜ್ಯಕ್ಕೆ ಎಷ್ಟು ಸ್ಥಾನಗಳು ಸಲ್ಲುತ್ತವೆಂದು ಓದುಗರೇ ಎಣಿಸಲಿ.

ನಿಷೇಧವೆಂದರೆ ಬೊಕ್ಕಸ ಬರಿದಾಗುತ್ತದೆ ಎಂದು ಹೆದರಿಸುವವರಿಗೆ 2007 ನೆನಪಿರಬೇಕು. ಆ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದರ ಹಿಂದೆ ಹಳ್ಳಿಯ ಮಹಿಳೆಯರ ವರ್ಷಗಟ್ಟಲೆಯ ಕಣ್ಣೀರಿತ್ತು. ಬೊಕ್ಕಸ ಬರಿದಾಗಲಿಲ್ಲ. ಏಕೆಂದರೆ ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳು ಬಂದು ಕುಳಿತವು. ಪಾಕೀಟಿನ ಬಣ್ಣ ಬದಲಾಯಿತು, ಕುಡಿಯುವವನು ಬದಲಾಗಲಿಲ್ಲ, ಸುಂಕ ಹೆಚ್ಚಾಯಿತು. ಮಹಿಳೆಯರು ಕೇಳಿದ್ದು ಕುಡಿತದಿಂದ ಬಿಡುಗಡೆ. ಸಿಕ್ಕಿದ್ದು ಹೊಸ ಹಣೆಪಟ್ಟಿ.

ಆದುದರಿಂದಲೇ ಅವರು ಮತ್ತೆ ಬೀದಿಗಿಳಿದರು. 2019ರ ಜನವರಿಯಲ್ಲಿ ರಾಯಚೂರು, ಕೊಪ್ಪಳ ಮುಂತಾದ ಜಿಲ್ಲೆಗಳ ಸಾವಿರಾರು ಬಡ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ದೂರವನ್ನು ಹನ್ನೆರಡು ದಿನ ನಡೆದರು. ದಾರಿಯಲ್ಲಿ ಒಬ್ಬ ತಾಯಿ ಬೈಕು ಬಡಿದು ಮೃತಪಟ್ಟರು. ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನ, ಅವರು ರಾಜಧಾನಿಯಲ್ಲಿದ್ದರು. ಭರವಸೆಗಳು ಸಿಕ್ಕವು, ಮದ್ಯದಂಗಡಿಗಳು ಉಳಿದವು. 2023ರಲ್ಲಂತೂ ಹೊಸ ಮದ್ಯದಂಗಡಿಗಳಿಗೆ ಪರವಾನಗಿ ಕೊಡುವ ಪ್ರಸ್ತಾಪವೇ ಬಂದಿತ್ತು. ವಿರೋಧ ಎದ್ದ ಮೇಲೆ ಅದನ್ನು ಕೈಬಿಡಲಾಯಿತು. ಆಳುವವರು ಅಂಜುವುದು ಸಂಘಟಿತ ಧ್ವನಿಗೆ ಎಂಬುದಕ್ಕೆ ಇದು ಸಾಕ್ಷಿ.

ಕೊರೋನಾ ಕಾಲವನ್ನು ನಮ್ಮ ಸಮುದಾಯ ಮರೆಯಬಾರದು. 2020ರ ರಮಝಾನ್. ಮಸೀದಿಗಳ ಬಾಗಿಲು ಮುಚ್ಚಿತ್ತು. ದೇವಸ್ಥಾನ, ಚರ್ಚುಗಳದೂ ಅದೇ ಸ್ಥಿತಿ. ನಾವು ಅದನ್ನು ಒಪ್ಪಿ ಮನೆಯಲ್ಲೇ ತರಾವೀಹ್ ನಿರ್ವಹಿಸಿದೆವು. ಆ ರಮಝಾನಿನ ನಡುವೆ, ಮೇ 4ರಂದು, ಮದ್ಯದಂಗಡಿಗಳು ತೆರೆದವು. ಮೊದಲ ದಿನ ರಾಜ್ಯದಲ್ಲಿ ಸುಮಾರು 45 ಕೋಟಿ, ಎರಡನೇ ದಿನ 197 ಕೋಟಿ ರೂಪಾಯಿಯ ವಹಿವಾಟಾಯಿತು. ಆರಾಧನಾಲಯಗಳು ತೆರೆದದ್ದು ಜೂನ್ 8ರಂದು. ಸಾಲಿನಲ್ಲಿ ನಿಂತರೆ ಸೋಂಕು ಹರಡುತ್ತದೆಂಬ ಭಯ ಪ್ರಾರ್ಥನೆಯ ಸಾಲಿಗೆ ಅನ್ವಯಿಸಿತು, ಬಾಟಲಿಯ ಸಾಲಿಗೆ ಅನ್ವಯಿಸಲಿಲ್ಲ. ನಲವತ್ತು ದಿನ ಮದ್ಯವಿಲ್ಲದೆ ಲಕ್ಷಾಂತರ ಜನ ಬದುಕಿದ್ದರು, ಎಷ್ಟೋ ಮನೆಗಳಲ್ಲಿ ಮೊದಲ ಬಾರಿಗೆ ಸಂಜೆ ಶಾಂತವಾಗಿತ್ತು. ಸರಕಾರಕ್ಕೆ ಆ ಶಾಂತಿ ನಷ್ಟವಾಗಿ ಕಂಡಿತು.

ಬಡವನ ಮೇಲಿನ ಈ ಭಾರದಲ್ಲಿಯೂ ನ್ಯಾಯವಿಲ್ಲ. 2024ರ ಆಗಸ್ಟಿನಲ್ಲಿ ಸರಕಾರವು ಸುಂಕದ ಹಂತಗಳನ್ನು ಪರಿಷ್ಕರಿಸಿ ಶ್ರೀಮಂತರು ಕುಡಿಯುವ ದುಬಾರಿ ಮದ್ಯದ ಬೆಲೆಯನ್ನು ಇಳಿಸಿತು. ನೆರೆ ರಾಜ್ಯಗಳಿಗೆ ವ್ಯಾಪಾರ ಹೋಗುತ್ತಿದೆ ಎಂಬುದು ಕಾರಣ. 2025ರ ಮೇ ತಿಂಗಳಲ್ಲಿ ಕೂಲಿಕಾರ ಕುಡಿಯುವ ಅಗ್ಗದ ಮದ್ಯದ ಸುಂಕವನ್ನು ಏರಿಸಿತು. ಬೆಲೆ ಏರಿದರೆ ಕುಡಿತ ಇಳಿಯುತ್ತದೆ ಎನ್ನುವವರಿದ್ದಾರೆ. ಚಟವಿಲ್ಲದವನ ವಿಷಯದಲ್ಲಿ ಅದು ನಿಜವಿರಬಹುದು. ಚಟಕ್ಕೆ ಬಿದ್ದವನು ಬೆಲೆ ಏರಿದರೆ ಕುಡಿತವನ್ನು ಬಿಡುವ ಮೊದಲು ಮಕ್ಕಳ ಹಾಲನ್ನು ಬಿಡುತ್ತಾನೆ. ಉಣ್ಣುವ ಅನ್ನದ ಕತೆಯೂ ಇದೇ. 2022ರ ಜುಲೈ 18ರಿಂದ ಕೇಂದ್ರದ ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ. 5 ತೆರಿಗೆ ಬಿತ್ತು. ತೆರಿಗೆ ತಪ್ಪಿಸಲು ಅಕ್ಕಿಯ ಗಿರಣಿಗಳು 26 ಕಿಲೋದ ಚೀಲ ಹೊಲಿದವು. ಒಮ್ಮೆಗೆ ಐದು ಕಿಲೋ, ಹತ್ತು ಕಿಲೋ ಪ್ಯಾಕೆಟ್ ಕೊಳ್ಳುವವನು ತೆರಿಗೆ ಕಟ್ಟಿದ, 26 ಕಿಲೋದ ಚೀಲ ಕೊಳ್ಳಬಲ್ಲವನು ಪಾರಾದ. ಮರಳಿಯ ಗದ್ದೆಯಲ್ಲಿ ಸಸಿ ಹಚ್ಚಿದವಳು ಅಂಗಡಿಯ ಪ್ಯಾಕೆಟ್ ಅಕ್ಕಿ ಕೊಂಡರೆ ಅನ್ನಕ್ಕೆ ದಿಲ್ಲಿಗೂ ಬೆಂಗಳೂರಿಗೂ ತೆರಿಗೆ, ಗಂಡ ಕುಡಿದರೆ ಬೆಂಗಳೂರಿಗೆ ಸುಂಕ. ಬೊಕ್ಕಸದ ಬಾಗಿಲನ್ನು ಬಡವನ ಬಾಯಲ್ಲೇ ತೆರೆದಿಟ್ಟಿದ್ದಾರೆ.

ಆ ಬಾಗಿಲಿನಿಂದ ಹೋದದ್ದು ಈ ಸೀಮೆಗೆ ಎಷ್ಟು ಮರಳಿ ಬಂದಿದೆ? 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಕುಷ್ಟಗಿ, ಯಲಬುರ್ಗಾಗಳು ಅದರಲ್ಲಿದ್ದವು. 371ಜೆ ವಿಧಿ ಬಂತು, ಮಂಡಳಿ ಬಂತು. 2025-26ರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗಾಗಿ ಮಂಡಳಿಗೆ ಘೋಷಿಸಿದ್ದು 5,000 ಕೋಟಿ, ಮದ್ಯದ ಗುರಿಯ ಎಂಟನೇ ಒಂದು ಭಾಗ. ಹೂಳು ತುಂಬಿ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಕುಗ್ಗಿದ ತುಂಗಭದ್ರೆಗೆ ಬದಲಿಯಾಗಿ ನವಲಿಯಲ್ಲಿ ಸಮತೋಲನ ಜಲಾಶಯವೆಂದು 2022-23ರ ಬಜೆಟಿನಲ್ಲಿ 1,000 ಕೋಟಿ ಘೋಷಿಸಲಾಯಿತು. ಮೂರು ಬಜೆಟ್ ಕಳೆದರೂ ನೆರೆ ರಾಜ್ಯಗಳ ಒಪ್ಪಿಗೆಯ ಮಾತುಕತೆಯಲ್ಲೇ ಅದು ನಿಂತಿತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನು ಬದಲಿಸಲು 2025-26ರ ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಯಿತು. ಬೆಳೆಯಿಲ್ಲವೆಂದರೆ ನಾಟಿಯಿಲ್ಲ, ಕಳೆಯಿಲ್ಲ, ಕೂಲಿಯಿಲ್ಲ. ಅಬಕಾರಿಯ ಗುರಿಗೆ ಮಾತ್ರ ಬರಗಾಲದ ರಜೆಯಿಲ್ಲ.

ಸರಕಾರದ ವಾದವನ್ನೂ ನ್ಯಾಯವಾಗಿ ಕೇಳೋಣ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯಗಳ ಕೈಯಲ್ಲಿ ಸ್ವತಂತ್ರವಾಗಿ ಉಳಿದಿರುವ ದೊಡ್ಡ ತೆರಿಗೆಗಳೆಂದರೆ ಮದ್ಯ, ಪೆಟ್ರೋಲು, ನೋಂದಣಿ, ವಾಹನ ಇವಿಷ್ಟೇ. 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದ ಕರ್ನಾಟಕದ ಪಾಲು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಇದು ಅನ್ಯಾಯ. 2024ರ ಫೆಬ್ರವರಿ 7ರಂದು ಮುಖ್ಯಮಂತ್ರಿಗಳು ದಿಲ್ಲಿಯಲ್ಲಿ ಧರಣಿ ಕುಳಿತುದು ಸರಿಯೇ. ಆದರೆ ದಿಲ್ಲಿ ಮಾಡಿದ ಅನ್ಯಾಯವನ್ನು ಮರಳಿಯ ಕೂಲಿಕಾರನಿಂದ ವಸೂಲು ಮಾಡುವುದು ಯಾವ ನ್ಯಾಯ? ಬಲಿಷ್ಠನಿಂದ ಪೆಟ್ಟು ತಿಂದವನು ದುರ್ಬಲನ ಜೇಬಿಗೆ ಕೈ ಹಾಕಿದಂತಲ್ಲವೇ ಇದು?

ಬಿಹಾರವನ್ನು ನೋಡಿ ಎಂದು ಇನ್ನು ಕೆಲವರು ಹೇಳುತ್ತಾರೆ. ನಾವು ನೋಡಿದ್ದೇವೆ. 2016ರ ಏಪ್ರಿಲಿನಲ್ಲಿ ಅಲ್ಲಿ ನಿಷೇಧ ಬಂತು. 2022ರ ಡಿಸೆಂಬರಿನಲ್ಲಿ ಸಾರಣ್ ಜಿಲ್ಲೆಯಲ್ಲಿ ಕಳ್ಳಭಟ್ಟಿ ಕುಡಿದು ಹತ್ತಾರು ಮಂದಿ ಸತ್ತರು. ಕಾನೂನು ಒಂದೇ ರಾತ್ರಿಯಲ್ಲಿ ಮನುಷ್ಯನನ್ನು ಬದಲಿಸದೆಂಬುದು ಅದರ ಪಾಠ. ಈ ಪಾಠ ನಮಗೆ ಹೊಸತಲ್ಲ. ಮದೀನದಲ್ಲಿ ಮದ್ಯ ಒಂದೇ ದಿನದಲ್ಲಿ ನಿಷಿದ್ಧವಾಗಲಿಲ್ಲ. ಮೊದಲು ಅದರ ಕೆಡುಕು ದೊಡ್ಡದೆಂದು ತಿಳಿಸಲಾಯಿತು, ಬಳಿಕ ಅಮಲಿನಲ್ಲಿ ನಮಾಝಿನ ಸಮೀಪ ಬರಬಾರದೆನ್ನಲಾಯಿತು, ಮನಸ್ಸುಗಳು ಸಿದ್ಧವಾದ ಮೇಲೆ ಪೂರ್ಣ ನಿಷೇಧ ಬಂತು. ಆಗ ಮದೀನದ ಬೀದಿಗಳಲ್ಲಿ ಮದ್ಯವನ್ನು ಚೆಲ್ಲಿದವರು ಸ್ವತಃ ಜನರು. ಹಂತ ಹಂತವಾಗಿ ಎಂಬುದು ಒಪ್ಪಿಗೆಯೇ. ಆದರೆ ಹಂತಗಳು ಕೆಳಗಿಳಿಯಬೇಕು. 36,000ದಿಂದ 40,000ಕ್ಕೆ ಹೋಗುವುದು ಮೇಲೇರುವ ಮೆಟ್ಟಿಲು.

ಆದುದರಿಂದ ನಮ್ಮ ಬೇಡಿಕೆಗಳು ಸರಳ. ಒಂದು, ಅಬಕಾರಿಗೆ ಗುರಿ ನಿಗದಿಪಡಿಸುವ ಪದ್ಧತಿ ನಿಲ್ಲಲಿ. ಪ್ರತಿ ಬಜೆಟಿನಲ್ಲಿ ಮದ್ಯದ ಆದಾಯವನ್ನು ಎಷ್ಟು ಇಳಿಸಲಾಗುವುದೆಂದು ಹೇಳಲಿ. ಎರಡು, ಮದ್ಯದಿಂದಾಗುವ ಸಾಮಾಜಿಕ ನಷ್ಟದ ಲೆಕ್ಕವನ್ನು ಅದೇ ಪುಟದಲ್ಲಿ ಪ್ರಕಟಿಸಲಿ. ಮೂರು, ಗ್ರಾಮದಲ್ಲಿ ಮದ್ಯದಂಗಡಿ ಬೇಕೇ ಬೇಡವೇ ಎಂಬುದನ್ನು ಗ್ರಾಮಸಭೆಯ ಮಹಿಳೆಯರು ತೀರ್ಮಾನಿಸಲಿ. ಪಕ್ಕದ ಮಹಾರಾಷ್ಟ್ರದಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿಗಳ ಚಿಹ್ನೆಯಿಟ್ಟು ಮತದಾನ ನಡೆಸಿ, ಮಹಿಳೆಯರು ಬಹುಮತದಿಂದ ಅಂಗಡಿ ಮುಚ್ಚಿಸಿದ ಉದಾಹರಣೆಗಳಿವೆ. ನಾಲ್ಕು, ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆಯಿರಲಿ. ಬದಲಿ ಆದಾಯವೆಲ್ಲಿ ಎನ್ನುವವರು ನೆಲದಡಿ ನೋಡಲಿ. ಖನಿಜದ ಮೇಲೆ ತೆರಿಗೆ ಹಾಕುವ ರಾಜ್ಯಗಳ ಅಧಿಕಾರವನ್ನು 2024ರ ಜುಲೈ 25ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ರಾಜ್ಯದ ಶಾಸನಸಭೆ ಮಸೂದೆಯನ್ನೂ ಅಂಗೀಕರಿಸಿತು. ಸಂಡೂರಿನ ಅದಿರು ಯಾರ ಹೆಂಡತಿಯನ್ನೂ ಹೊಡೆಯುವುದಿಲ್ಲ. ಅದರಿಂದ ಬೆಳೆದ ಸಾಮ್ರಾಜ್ಯಗಳು ಕೊಡಲಿ, ಕೂಲಿಕಾರ ಉಸಿರಾಡಲಿ.

ಕೊನೆಯ ಮಾತು ನಮ್ಮವರಿಗೆ. ಪ್ರತಿ ಮಾರ್ಚಿನಲ್ಲಿ ನಮ್ಮ ನಾಯಕರು ಬಜೆಟನ್ನು ತೆರೆದು ನೋಡುವುದು ಒಂದೇ ಸಾಲನ್ನು: ನಮಗೆಷ್ಟು? ಹೆಚ್ಚು ಸಿಕ್ಕರೆ ಅಭಿನಂದನೆ, ಕಡಿಮೆಯಾದರೆ ಮನವಿಪತ್ರ. ನಮ್ಮ ಹಕ್ಕಿನ ಪಾಲನ್ನು ಕೇಳುವುದು ತಪ್ಪಲ್ಲ, ಕೇಳಲೇಬೇಕು. ಸರಕಾರದ ಖಜಾನೆಯಲ್ಲಿ ಎಲ್ಲ ಬಗೆಯ ಹಣವೂ ಬೆರೆತಿರುವುದರಿಂದ ಇಮಾಮರು ಗೌರವಧನ ಪಡೆಯುವುದನ್ನು ನಾವು ಆಕ್ಷೇಪಿಸುತ್ತಿಲ್ಲ. ನಮ್ಮನ್ನು ಕಾಡುವುದು ಮೌನ. ಕೆಡುಕನ್ನು ತಡೆಯಲೆಂದೇ ಎಬ್ಬಿಸಲ್ಪಟ್ಟ ಸಮುದಾಯವು ತನ್ನ ಪಾಲು ಎಣಿಸಿಕೊಂಡು ಸುಮ್ಮನಿರುವುದಾದರೆ, ಇತರ ಹಿತಾಸಕ್ತಿ ಗುಂಪುಗಳಿಗೂ ನಮಗೂ ವ್ಯತ್ಯಾಸವೇನು? ಚಿತ್ರದುರ್ಗದಿಂದ ನಡೆದುಬಂದ ಆ ತಾಯಂದಿರ ಸಾಲಿನಲ್ಲಿ ನಮ್ಮ ಮೊಹಲ್ಲಾಗಳ ಎಷ್ಟು ಮಂದಿ ಇದ್ದರು? ನಮ್ಮ ಓಣಿಗಳ ಯುವಕರು ಸಂಜೆ ಎಲ್ಲಿಗೆ ಹೋಗುತ್ತಾರೆಂದು ಜಮಾಅತ್ ಕಮಿಟಿಗಳಿಗೆ ಗೊತ್ತಿಲ್ಲವೇ? ಮದ್ಯದಂಗಡಿಗೆ ಕಟ್ಟಡ ಬಾಡಿಗೆಗೆ ಕೊಟ್ಟು ಅದೇ ಬಾಡಿಗೆಯಲ್ಲಿ ಉಮ್ರಾಕ್ಕೆ ಹೊರಡುವವರನ್ನು ಹಾರ ಹಾಕಿ ಬೀಳ್ಕೊಡುವವರು ನಾವೇ ಅಲ್ಲವೇ? ಶುಕ್ರವಾರದ ಖುತ್ಬಾದಲ್ಲಿ ಈ ವಿಷಯ ವರ್ಷಕ್ಕೆ ಎಷ್ಟು ಬಾರಿ ಬರುತ್ತದೆ?

ಮುಂದಿನ ಬಜೆಟ್ ಮಂಡನೆಯಾದ ದಿನ ನಾವು ಮೊದಲು ತೆರೆಯಬೇಕಾದುದು ಅಬಕಾರಿಯ ಪುಟವನ್ನು. ಅಲ್ಲಿನ ಅಂಕಿ ಹಿಂದಿನ ವರ್ಷಕ್ಕಿಂತ ಕಡಿಮೆಯಿದ್ದರೆ, ಮಂಡಿಸಿದವರು ಯಾವ ಪಕ್ಷದವರೇ ಆಗಿರಲಿ, ನಾವು ಅಭಿನಂದಿಸೋಣ. ಹೆಚ್ಚಿದ್ದರೆ, ನಮ್ಮ ಪಾಲು ಎಷ್ಟೇ ದೊಡ್ಡದಿರಲಿ, ಲಿಂಗಾಯತ, ದಲಿತ, ಕುರುಬ ತಾಯಂದಿರ ಜೊತೆ ಬೀದಿಯಲ್ಲಿ ನಿಂತು ಪ್ರಶ್ನಿಸೋಣ. ಮರಳಿಯ ಆ ಅವ್ವನಿಗೆ ಬೇಕಾಗಿರುವುದು ಖಾತೆಯಲ್ಲಿ 2,000 ರೂಪಾಯಿ ಮತ್ತು ಸಂಜೆ ಅಮಲಿಲ್ಲದೆ ಮನೆಗೆ ಬರುವ ಗಂಡ. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿದುಕೊಳ್ಳುವ ಬಜೆಟಿಗೆ ಹಲಾಲ್ ಎಂಬ ಹೆಸರನ್ನು ವಿರೋಧಿಗಳು ವ್ಯಂಗ್ಯಕ್ಕಾಗಿಯಾದರೂ ಕೊಡದಿರಲಿ. ಆ ಹೆಸರಿಗೆ ಅದು ಇನ್ನೂ ಅರ್ಹವಾಗಿಲ್ಲ.